ಮಾವಾರು ಕೈ ಮುಗಿದ ವಿಡಿಯೋ

ರೀ,

ನಾನು ರಾಣೆಬೆನ್ನೂರಿಗೆ ಬೀಜಾ ತರಾಕ ಹೊಂಟೇನಿ, ಸಂಜೀಕ ಬರ್ತೇನಿ. ರೊಟ್ಟಿ ಬುಟ್ಟ್ಯಾಗ ಅದಾವು, ಪಲ್ಯಾ ಬಿಸಿ ಮಾಡ್ಕೊಳ್ರಿ.

ಅಂಗಡಿಗೆ ಹೋದಕೂಡ್ಲೆ ಮೊದಲು ಕಂಪ್ಯೂಟರ್ ಹಚ್ರಿ, ಮೆಣಸಿನಕಾಯಿ ಚೀಲ ಆಮ್ಯಾಲ ಬಿಚ್ಚೀರಂತ. ಬ್ಯಾಕಪ್ ಡಿಸ್ಕ್ ತುಂಬೇತಿ. ಕ್ಯಾಮೆರಾದ ವಿಡಿಯೋ ಒಂದು ತಿಂಗಳಾದಮ್ಯಾಲ ತಾನಾ ಅಳಿಸೂಹಂಗ ನೀವ ಸೆಟ್ಟಿಂಗ್ ಮಾಡೀರಿ. ಮಾವಾರು ಹೋಗಿ ನಾಳೆಗೆ ತಿಂಗಳು. ಅವರು ಕಡೀ ಸಲ ಅಂಗಡಿಗೆ ಬಂದ ದಿನದ್ದು ಇವತ್ತ ರಾತ್ರಿ ಅಳಿಸಿಹೋಗ್ತೈತಿ. ಅದನ್ನ ‘ಯಾವತ್ತೂ ಅಳಿಸಬ್ಯಾಡ’ ಅಂತ ಮಾಡ್ರಿ. ಸೆಟ್ಟಿಂಗ್ ಬದಲಿಸೂ ಪಾಸ್‌ವರ್ಡ್ ನಿಮಗಷ್ಟ ಗೊತ್ತು, ಎಷ್ಟು ಸಲ ಕೇಳೇನಿ!

ಜಾಗ ಸಾಲದಿದ್ರ ನಮ್ಮ ಮದುವಿ ವಿಡಿಯೋ ತೆಗೀರಿ. ನಾವಿಬ್ರೂ ಇನ್ನೂ ಅದೇವಲ್ಲ.

ಕ್ಯಾಮೆರಾ ದೇವರ ಫೋಟೋದ ಬಾಜೂಕ ಕೂಡಿಸಿದ್ದು ಚಲೋ ಆತು. ಮಾವಾರು ಊದಿನಕಡ್ಡಿ ಹಚ್ಚಿ ಕೈ ಮುಗಿದ್ರ, ನೋಡಾವ್ರಿಗೇ ಮುಗಿದಂಗ ಕಾಣ್ತೈತಿ. ನೀವು ಅಂಗಡಿ ಬಾಗಲಾ ಮುಚ್ಕೊಂಡು ಅದನ್ನ ನೋಡೂದು ನನಗ ಗೊತ್ತೈತಿ. ನಾನೂ ಕದ್ದು ನೋಡೇನಿ.

ಇವತ್ತ ಒಬ್ರ ನೋಡಬ್ಯಾಡ್ರಿ. ನಾ ಬರೂತನಕಾ ತಡೀರಿ. ಅವರು ಕೈ ಮುಗಿಯೂ ಹೊತ್ತಿಗೆ ನಾವಿಬ್ರೂ ಎದ್ದು ನಿಂದ್ರೋಣು.

ಶ್ರೀದೇವಿ