ಹನ್ನೆರಡು ಗಂಟೆಯ ಸೈರನ್

ಅಪ್ಪಾ,

ನಿನ್ನೆ ನಿನ್ನನ್ನು ಮಣ್ಣು ಮಾಡಿ ಬಂದೆವು. ಇವತ್ತು ನಮ್ಮೂರು ಮಧ್ಯಾಹ್ನದ ಊಟವನ್ನೇ ಮರೆಯಿತು. ಇಡೀ ನೆಬ್ರಾಸ್ಕದಲ್ಲಿ ಇಂಥದ್ದು ಎಲ್ಲೂ ನಡೆದಿರಲಿಕ್ಕಿಲ್ಲ.

ಮೂವತ್ತೊಂದು ವರ್ಷ ದಿನಾ ಹನ್ನೆರಡಕ್ಕೆ ಸರಿಯಾಗಿ ಅಗ್ನಿಶಾಮಕ ಶೆಡ್ಡಿನ ಸೈರನ್ ಕೂಗಿಸಿದವನು ನೀನು. ಇನ್ನು ಅದನ್ನು ಒತ್ತುವವರು ಯಾರು ಎಂಬುದು ಒಬ್ಬರಿಗೂ ಹೊಳೆದಿರಲಿಲ್ಲ. ನಾನು ವರ್ನಾಳ ಹೋಟೆಲಿಗೆ ಹೋದಾಗ ಒಂದು ಗಂಟೆ ದಾಟಿತ್ತು. ಒಂದು ಮೇಜಿನಲ್ಲೂ ಜನವಿಲ್ಲ. ಕಿಟಕಿಯಾಚೆ ತನ್ನ ಹೊಲದಲ್ಲಿ ಡ್ವೇನ್ ಇನ್ನೂ ಮೆಕ್ಕೆಜೋಳ ಕೊಯ್ಯುತ್ತಲೇ ಇದ್ದ.

"ಗೋಡೆ ಮೇಲೆ ಗಡಿಯಾರ ಇದೆಯಲ್ಲ ವರ್ನಾ?"

"ಅದನ್ನ ಯಾರು ನೋಡ್ತಾರೆ ಕಣೇ? ನಿಮ್ಮಪ್ಪ ಇನ್ನೂ ಕೂಗಿಸಿಲ್ವಲ್ಲಾ ಅಂತ..." ಎಂದವಳು ತಟ್ಟನೆ ಬಾಯಿ ಮುಚ್ಚಿಕೊಂಡಳು.

ಶೆಡ್ಡಿಗೆ ಓಡಿಹೋಗಿ ಗುಂಡಿ ಒತ್ತಿದೆ. ಹೊಲದಲ್ಲಿ ಡ್ವೇನನ ಯಂತ್ರ ನಿಂತಿತು. ಅಂಚೆ ಕಚೇರಿಯಿಂದ, ಗ್ಯಾರೇಜಿನಿಂದ ಜನ ಹೊರಬಂದರು. ಊರಿಗೆ ಊರೇ ಟೋಪಿ ತೆಗೆದು, ಸದ್ದು ಪೂರ್ತಿ ಇಳಿಯುವವರೆಗೆ ಬೀದಿಯಲ್ಲಿ ನಿಂತುಬಿಟ್ಟಿತು.

ಮರಳಿ ಬಂದಾಗ ವರ್ನಾ ಕುರ್ಚಿ ಹತ್ತಿ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸುತ್ತಿದ್ದಳು. "ಈಗ ಹನ್ನೆರಡಾಯ್ತು. ಎಲ್ರೂ ಕೂತ್ಕೊಳ್ಳಿ!"

ಹೋದ ಕ್ರಿಸ್‌ಮಸ್‌ಗೆ ನಾನು ಓಮಾಹಾ ನಗರದಿಂದ ಊರಿಗೆ ಬಂದಿದ್ದಾಗ, "ಎಲ್ಲರ ಜೇಬಲ್ಲೂ ಫೋನಿದೆ, ನಿನ್ನ ಈ ಕೂಗು ಯಾರಿಗೆ ಬೇಕಪ್ಪಾ?" ಎಂದಿದ್ದೆ. ನೀನು ನಕ್ಕು, ಹನ್ನೆರಡಾಗುತ್ತಾ ಬಂತೆಂದು ಕೋಟು ಹಾಕಿಕೊಂಡು ಹೊರಟಿದ್ದೆ.

ನಾನೂ ನನ್ನ ಕೈಗಡಿಯಾರವನ್ನು ಹಿಂದಕ್ಕೆ ತಿರುಗಿಸಿದೆ. ಹೋದದ್ದು ಒಂದು ಗಂಟೆ ಇಪ್ಪತ್ತು ನಿಮಿಷವಷ್ಟೇ.