ತೊಡೆಯೊಳಗಿನ ರೇಡಿಯೋ

ಕಂಕನಾಡಿ, ಮಂಗಳೂರು
೧೪-೩-೧೯೮೪

ಪ್ರೀತಿಯ ತಮ್ಮ ಚಿತ್ತರಂಜನನಿಗೆ ಅಕ್ಕ ಕುಶಲಾಳ ಆಶೀರ್ವಾದಗಳು.

ಬೊಂಬಾಯಿಯಿಂದ ನೀನು ಬರೆದ ಎರಡು ಕಾಗದಗಳಿಗೂ ಉತ್ತರಿಸಲಿಲ್ಲ, ಬೇಸರಿಸಬೇಡ. ಒಳ್ಳೆಯ ಸುದ್ದಿ ಬರೆಯೋಣವೆಂದು ಕಾದೆ. ಈಗ ಬರೆಯಲಿಕ್ಕೆ ಸಿಟ್ಟೊಂದೇ ಇರುವುದು.

ಸೆಪ್ಟೆಂಬರಿನಲ್ಲಿ ಪಂಪ್‌ವೆಲ್ ಸ್ಟಾಪಿನಲ್ಲಿ ಬಸ್ಸಿನಿಂದ ಬಿದ್ದು ನನ್ನ ತೊಡೆಮೂಳೆ ಮುರಿದಾಗ ಉಕ್ಕಿನ ಪಟ್ಟಿ ಹಾಕಿದರಲ್ಲ, ಅದರೊಳಗೆ ಹುಣಸೆಬೀಜದಷ್ಟು ಪುಟ್ಟ ರೇಡಿಯೋ ಇದೆಯಂತೆ! ಪ್ರತಿ ಮಂಗಳವಾರ ಡಾಕ್ಟರು ತೊಡೆಯ ಸುತ್ತ ತಂತಿಯ ಬಳೆ ಹಿಡಿಯುತ್ತಿದ್ದುದು, ಆಚೆ ಮೇಜಿನ ಯಂತ್ರ ಕಾಗದದ ಮೇಲೆ ಗೆರೆ ಎಳೆಯುತ್ತಿದ್ದುದು ಅದಕ್ಕೇ. ನಾನು ಅದೇನೋ ಕರೆಂಟಿನ ಚಿಕಿತ್ಸೆ ಎಂದುಕೊಂಡಿದ್ದೆ. ಕಳೆದ ವಾರ ನರ್ಸ್ ಉರ್ಸುಲಾ ಬಾಯಿ ಬಿಟ್ಟಳು: "ಪಟ್ಟಿಯ ಮೇಲೆ ಎಷ್ಟು ಭಾರ ಬೀಳ್ತದೆ ಅಂತ ಅದು ಹೇಳುದು ಟೀಚರೇ. ಮೂಳೆ ಕೂಡಿದ ಹಾಗೆ ಗೆರೆ ಇಳೀತದೆ. ನಿಮ್ಮದು ಡಿಸೆಂಬರಿನಲ್ಲೇ ಇಳಿದಾಗಿದೆ."

ಡಿಸೆಂಬರಿನಲ್ಲೇ! ಹಾಗಾದರೆ ಇಷ್ಟು ದಿನ ಊರುಗೋಲು ಯಾಕೆ? ಕೂಳೂರು ಶಾಲೆಗೆ ನಾನು ಜನವರಿಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ಸೇರಬೇಕಿತ್ತು. ಕಾಲೂರುವ ಹಾಗಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು. ಹುದ್ದೆ ನನಗಿಂತ ಆರು ವರ್ಷ ಕಿರಿಯ ಶಶಿಪ್ರಭಾಳಿಗೆ ಹೋಯಿತು.

ನಿನ್ನೆ ಆಸ್ಪತ್ರೆಗೆ ಹೋದೆ. ಪರವೂರಿನಿಂದ ಬಂದ ಆರೇಳು ವೈದ್ಯರ ಮುಂದೆ ಡಾಕ್ಟರು ನನ್ನನ್ನೊಂದು ಮಾತೂ ಕೇಳದೆ ಸೀರೆ ಸರಿಸಿ, "ಕೇಸ್ ನಂಬರ್ ತ್ರೀ" ಎಂದರು.

"ನನಗೆ ಹೆಸರುಂಟು ಡಾಕ್ಟ್ರೇ. ಮೂಳೆ ಡಿಸೆಂಬರಿನಲ್ಲೇ ಕೂಡಿದ್ದು ಹೌದಾ ಅಲ್ವಾ?"

"ಅದೆಲ್ಲ ನಿಮಗೆ ಅರ್ಥ ಆಗುದಿಲ್ಲಮ್ಮ. ಕಾಲೂರದಿದ್ದರೆ ಆರು ತಿಂಗಳು ಗೆರೆ ಹೇಗಿರ್ತದೆ ಅಂತ ನಮಗೆ ನೋಡ್ಲಿಕ್ಕುಂಟು."

"ಇಪ್ಪತ್ತೆರಡು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದ್ದೇನೆ. ಗೆರೆ ಏರುದು ಇಳಿಯುದು ನನಗೆ ಅರ್ಥ ಆಗ್ತದೆ. ಯಾರನ್ನು ಕೇಳಿ ಇದನ್ನು ಒಳಗೆ ಇಟ್ಟದ್ದು?"

ಊರುಗೋಲುಗಳನ್ನು ಡಾಕ್ಟರ ಮೇಜಿನ ಮೇಲೆ, ಆ ಗೆರೆಕಾಗದದ ಮೇಲೆಯೇ ಹಾಕಿ, ಎಲ್ಲರ ಎದುರು ಬಾಗಿಲ ತನಕ ನಡೆದೆ. ಕಾಲು ನಡುಗಿತು, ಆದರೆ ನನ್ನನ್ನು ಹೊತ್ತಿತು. ಸೋಮವಾರದಿಂದ ಶಾಲೆಗೆ ಹೋಗುತ್ತೇನೆ, ಹಳೆಯ ಲೆಕ್ಕದ ಟೀಚರಾಗಿಯೇ. ಮಕ್ಕಳಿಗೆ ಪರೀಕ್ಷೆ ಹತ್ತಿರ ಬಂತು.

ನಿನ್ನ ಹೆಂಡತಿ ಗುಲಾಬಿಗೂ ಮಕ್ಕಳಿಗೂ ನನ್ನ ಆಶೀರ್ವಾದ ಹೇಳು. ದೇವರು ನಿಮ್ಮನ್ನೆಲ್ಲ ಗಟ್ಟಿಯಾಗಿ ಇಟ್ಟಿರಲಿ.

ನಿನ್ನ ಅಕ್ಕ,
ಕುಶಲಾ

ತಾ.ಕ.: ಈ ಕಾಗದವನ್ನು ಅಂಚೆಗೆ ಹಾಕುವ ಮೊದಲು ಆಸ್ಪತ್ರೆಯಲ್ಲಿ ಹಟ ಮಾಡಿ ನನ್ನ ಫೈಲು ನೋಡಿದೆ. ಒಪ್ಪಿಗೆಯ ಹಾಳೆಯಲ್ಲಿ, ಆಪರೇಷನ್ನಿನ ಹಿಂದಿನ ದಿನದ ತಾರೀಕಿನಲ್ಲಿ, "ಹೊಸ ಪ್ರಯೋಗವೆಂದು ರೋಗಿಗೆ ತಿಳಿಸುವುದು ಬೇಡ, ಹೆದರುತ್ತಾರೆ" ಎಂದು ಬರೆದಿದೆ. ಕೆಳಗೆ ನಿನ್ನ ಸಹಿ. ಅವತ್ತು ಬೊಂಬಾಯಿಯಿಂದ ಓಡಿಬಂದಿದ್ದ ನೀನು ನನ್ನ ಮಂಚದ ಬದಿಯಲ್ಲೇ ಮೂಸಂಬಿ ಸುಲಿಯುತ್ತಾ ಕೂತಿದ್ದೆ. ನನಗೆ ಎಚ್ಚರವಿತ್ತು ತಮ್ಮಾ, ಮಾತೂ ಬರುತ್ತಿತ್ತು.