ಕಾಲೊಳಗಿನ ಇರುವೆಗಳು

ವಿನ್ನಿಪೆಗ್
ನವೆಂಬರ್ 9, ಭಾನುವಾರ, ಪೂಜೆ ಮುಗಿಸಿ ಬಂದ ಮೇಲೆ

ನನ್ನ ಮುದ್ದಿನ ಜೊವೆಲಿನ್,

ಹೇಗಿದ್ದೀಯ ಮಗಳೇ? ಹೊಟ್ಟೆಗೆ ಏನಾದರೂ ತಿನ್ನುತ್ತೀಯಾ? ಕಾಲಿಗೆ ಒಣಗಿದ ಕಾಲುಚೀಲ ಇದೆಯಾ? ವ್ಯಾಂಕೂವರಿನಲ್ಲಿ ನಮ್ಮ ಹಾಗೆ ಹಿಮ ಬೀಳುವುದಿಲ್ಲ ನಿಜ, ಆದರೆ ಆ ಮಳೆಯ ತೇವ ಎಲುಬಿಗೇ ಇಳಿಯುತ್ತದಂತೆ. ಅಲ್ಲಿ ಬೀದಿಯಲ್ಲಿರುವವರಿಗೆ ಬೆಳಿಗ್ಗೆ ಸೂಪ್ ಹಂಚುವ ಸಿಸ್ಟರ್ ಬರ್ನಡೆಟ್‌ಗೆ ಫೋನ್ ಮಾಡಿದ್ದೆ. ವಾರಕ್ಕೆ ಒಂದೆರಡು ದಿನ ನೀನು ಸಾಲಿನಲ್ಲಿ ನಿಲ್ಲುತ್ತೀಯಂತೆ, ಹೋದ ತಿಂಗಳು ಬಹಳ ಕೆಮ್ಮುತ್ತಿದ್ದೆಯಂತೆ. ಈ ಪತ್ರವನ್ನು ಅವರ ಕೈಗೇ ಕಳಿಸುತ್ತಿದ್ದೇನೆ. "ಕೊಟ್ಟರೆ ಇಸ್ಕೋತಾಳೆ ಫೆಲಿ, ಓದ್ತಾಳೋ ಇಲ್ವೋ ಅದನ್ನ ಮಾತ್ರ ಹೇಳಲಾರೆ" ಎಂದರು. ಇಸಿದುಕೊಂಡರೂ ಸಾಕು. ನನ್ನ ಕೈ ಮುಟ್ಟಿದ ಕಾಗದ ನಿನ್ನ ಕೈ ಮುಟ್ಟಿತಲ್ಲ.

ನಾನು ದೇವರ ದಯೆಯಿಂದ ಇದ್ದೇನೆ. ಕಾಲಿನದೊಂದೇ ತೊಂದರೆ. ಆರು ತಿಂಗಳಿಂದ, ಕೂತರೆ ಸಾಕು, ಮೀನಖಂಡದ ಒಳಗೆ ಇರುವೆ ಸಾಲು ಹೊರಟ ಹಾಗಾಗುತ್ತದೆ. ನೋವೆನ್ನಲಾರೆ, ಉರಿಯೆನ್ನಲಾರೆ, ಆದರೆ ಕಾಲು ಆಡಿಸದೆ ಇರಲಾಗುವುದಿಲ್ಲ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಸುಮ್ಮನಾಗುತ್ತವೆ, ಕೂತರೆ ಮತ್ತೆ ಹರಿಯುತ್ತವೆ. ಇವತ್ತು ಪೂಜೆಯಲ್ಲಿ ಪಾದ್ರಿಯ ಪ್ರಸಂಗ ಮುಗಿಯುವವರೆಗೂ ಹಿಂದಿನ ಗೋಡೆಯ ಪಕ್ಕ ನಿಂತೇ ಇದ್ದೆ. ನನ್ನ ಭಕ್ತಿ ಹೆಚ್ಚಾಯಿತೆಂದು ಜನ ತಿಳಿದಿರಬೇಕು. ನಿದ್ದೆಯಂತೂ ಹರಿದ ಬಟ್ಟೆಯ ಹಾಗಾಗಿದೆ.

ಈ ಇರುವೆಗಳ ಮಾತನ್ನು ಮೊದಲು ಕೇಳಿದ್ದು ನಿನ್ನ ಬಾಯಿಂದ. ನೀನು ನರ್ಸ್ ಆಗಿ ಎರಡನೇ ವರ್ಷ. ಹನ್ನೆರಡು ಗಂಟೆಯ ಪಾಳಿ ಮುಗಿಸಿ ಬಂದು, ಸೋಫಾದ ಕೈಮೇಲೆ ಕಾಲು ಚಾಚಿ, "ಅಮ್ಮಾ, ಕಾಲೊಳಗೆ ಇರುವೆ ಹರಿದ ಹಾಗಾಗ್ತಿದೆ ಕಣೇ, ಒಂಚೂರು ಎಣ್ಣೆ ಹಚ್ಚಿ ತಿಕ್ಕೇ" ಎಂದೆ. ನಾನು ಜಪಸರ ಹಿಡಿದು ಕೂತಿದ್ದೆ. ತಲೆ ಎತ್ತದೆ ಏನಂದೆ ನೆನಪಿದೆಯಾ? "ಯೇಸುಸ್ವಾಮಿ ಶಿಲುಬೆ ಹೊತ್ಕೊಂಡು ಗುಡ್ಡ ಹತ್ತಿದ. ನಿಂಗೆ ಒಂದು ಪಾಳಿ ನಿಲ್ಲೋಕಾಗಲ್ವಾ?" ನೀನು ನಕ್ಕು ಎದ್ದು ಹೋದೆ. ರೋಗಿಗಳಿಗೆಂದು ಇಟ್ಟಿದ್ದ ನೋವಿನ ಮಾತ್ರೆಯನ್ನು ನೀನು ಮೊದಲು ನುಂಗಿದ್ದು ಅದೇ ವಾರವೆಂದು ಆಮೇಲೆ ಆಸ್ಪತ್ರೆಯವರ ವಿಚಾರಣೆಯಲ್ಲಿ ಗೊತ್ತಾಯಿತು. ಒಂದು ಎರಡಾಗಿ, ಎರಡು ಕೈತುಂಬ ಆಗಿ, ಕೆಲಸ ಹೋಗಿ, ನೀನೂ ಹೋದೆ. ಎರಡು ವರ್ಷ ನಾಲ್ಕು ತಿಂಗಳಾಯಿತು. ಕಾಲು ತಿಕ್ಕಲು ಹತ್ತು ನಿಮಿಷ ಬೇಕಿತ್ತು. ಜಪಸರ ಎಲ್ಲಿಗೂ ಓಡಿಹೋಗುತ್ತಿರಲಿಲ್ಲ.

ನೀನು ಹೋದ ದಿನವೇ ಮಾತೆ ಮರಿಯಮ್ಮನ ಮುಂದೆ ಹರಕೆ ಹೊತ್ತೆ. ನೀನು ಮನೆಯ ಹೊಸ್ತಿಲು ತುಳಿಯುವವರೆಗೆ ಮಾಂಸ, ಮೀನು ಮುಟ್ಟುವುದಿಲ್ಲ, ಯಾವ ಮಾತ್ರೆಯನ್ನೂ ನಾಲಿಗೆಯ ಮೇಲಿಡುವುದಿಲ್ಲ ಎಂದು. ಜ್ವರ ಬಂದಾಗಲೂ ಶುಂಠಿ ನೀರಿನಲ್ಲೇ ಕಳೆದೆ.

ಹಾಗಾಗಿ ಈ ಕಾಲಿಗೆ ಮದ್ದಿಲ್ಲದ ಮದ್ದು ಹುಡುಕುವುದೇ ನಮ್ಮ ವೃದ್ಧಾಶ್ರಮದ ವಾರ್ಡಿನಲ್ಲಿ ದುಡಿಯುವ ಹೆಂಗಸರ ಕೆಲಸವಾಗಿದೆ. ಅವರಲ್ಲಿ ಯಾರ ಕಾಲೂ ನೆಟ್ಟಗಿಲ್ಲ ಅನ್ನು. ಊಟದ ಬಿಡುವಿನಲ್ಲಿ ಬಟ್ಟೆ ಜೋಡಿಸುವ ಕೋಣೆಗೆ ಹೋಗಿ, ನೆಲದ ಮೇಲೆ ಮಲಗಿ, ನಾಲ್ಕೂ ಜನ ಕಾಲನ್ನು ಗೋಡೆಗೆ ಎತ್ತಿ ಇಡುತ್ತೇವೆ. "ನೋಡ್ರೇ, ಒಣಗೋಕೆ ಹಾಕಿದ ಮೀನಿನ ಹಾಗಿದ್ದೀವಿ" ಎಂದು ನಮ್ಮ ಎರ್ಲಿಂಡಾ ಅಕ್ಕ ನಗಿಸುತ್ತಾಳೆ. ಅದೇ, ಮೂರನೇ ಮಹಡಿಯ ಎರ್ಲಿಂಡಾ, ನಿನಗೆ ಜಡೆ ಹೆಣೆಯುತ್ತಿದ್ದವಳು. ಬಿಗಿಯಾದ ಉದ್ದ ಕಾಲುಚೀಲವನ್ನು ಅವಳೇ ತಂದುಕೊಟ್ಟಳು. ಅದರಿಂದ ಪಾದದ ಬಾವು ಇಳಿಯಿತು, ಇರುವೆ ಹೋಗಲಿಲ್ಲ. ಮೇಲ್ವಿಚಾರಕಿ ಡಾರ್ಲೀನ್ ಐಸ್ ನೀರಿನಲ್ಲಿ ಕಾಲಿಡು ಎಂದಳು. ದಣಿದ ಕಾಲಿಗೆ ತಣ್ಣೀರು! ನಮ್ಮಜ್ಜಿ ಕೇಳಿದ್ದರೆ ಅವಳಿಗೆ ಮದುವೆಯೇ ಆಗದಿರಲಿ ಎಂದು ಶಪಿಸುತ್ತಿದ್ದಳು. "ನರ ಹಿಡಿದು ಸೊಟ್ಟಗಾಗ್ತೀನಿ ಕಣಮ್ಮ" ಎಂದೆ. "ಈಗೇನು ನೆಟ್ಟಗಿದ್ದೀಯಾ?" ಎಂದಳು. ಕೊನೆಗೆ ಮನೆಗೆ ಬಂದು ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಕಾಲಿಟ್ಟು, ಶುಂಠಿ ಜಜ್ಜಿ ಕಾಯಿಸಿದ ತೆಂಗಿನೆಣ್ಣೆಯನ್ನು ಹಿಮ್ಮಡಿಯಿಂದ ಮಂಡಿಯವರೆಗೆ ಮೇಲ್ಮುಖವಾಗಿ ತಿಕ್ಕಿಕೊಳ್ಳುತ್ತೇನೆ. ಅದರಿಂದ ಒಂದು ಗಂಟೆ ಸುಖ. ನಮ್ಮ ಕಾಲನ್ನು ನಾವೇ ತಿಕ್ಕಿಕೊಂಡರೆ ಅರ್ಧವೇ ಹತ್ತುತ್ತದೆ ಜೊವೆಲಿನ್. ಇನ್ನೊಬ್ಬರ ಕೈ ಬೇಕು.

ಈಗ ಹೇಳದೆ ಇರಬಾರದ ಸಂಗತಿ. ಹೋದ ಮಂಗಳವಾರ ಕೊವಲ್ಚುಕ್ ತಾತನನ್ನು ಕುರ್ಚಿಯಿಂದ ಹಾಸಿಗೆಗೆ ದಾಟಿಸುತ್ತಿದ್ದೆ. ಎಂಬತ್ತೆಂಟು ವರ್ಷ, ಹಕ್ಕಿಯಷ್ಟು ತೂಕ. ಮೂರು ದಿನದಿಂದ ನಾನು ಕಣ್ಣು ಮುಚ್ಚಿರಲಿಲ್ಲ. ಅವರು ನನ್ನ ಕೊರಳು ಬಳಸಿ ಹಿಡಿದಿದ್ದಾಗಲೇ ನನ್ನ ಮಂಡಿ ಮಡಚಿಹೋಯಿತು. ಇಬ್ಬರೂ ನೆಲಕ್ಕೆ. ಅವರ ಮೊಣಕೈ ತರಚಿತು, ದೇವರ ದಯೆ, ಸೊಂಟ ಉಳಿಯಿತು. ನೆಲದ ಮೇಲೆ ಬಿದ್ದುಕೊಂಡೇ, "ಡ್ಯಾನ್ಸ್ ಮಾಡೋ ಮನಸ್ಸಿದ್ರೆ ಮೊದಲೇ ಹೇಳಬಾರದಾ ಫೆಲಿ" ಎಂದರು. ನಗು ಬರಲಿಲ್ಲ. ಅವರ ರಕ್ತ ನನ್ನ ತೋಳಿಗೆ ಹತ್ತಿತ್ತು.

ಡಾರ್ಲೀನ್ ಬಾಗಿಲು ಹಾಕಿಕೊಂಡು, "ಇನ್ನೊಬ್ಬರು ಬಿದ್ರೆ ನಿನ್ನನ್ನ ಉಳಿಸಿಕೊಳ್ಳೋಕೆ ನನ್ನ ಕೈಲಾಗಲ್ಲ" ಎಂದು, ಡಾಕ್ಟರ ಹತ್ತಿರ ಕಳಿಸಿದಳು. ರಕ್ತ ಪರೀಕ್ಷೆ ಆಯಿತು. ಮೈಯಲ್ಲಿ ಕಬ್ಬಿಣದ ಅಂಶ ತಳ ಕಂಡಿದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಸುರಿದು ಹೋಗಿದ್ದು ಒಂದು, ಹರಕೆ ಇನ್ನೊಂದು. ಆ ಇರುವೆಗಳು ಹುಟ್ಟುವುದೇ ಅಲ್ಲಿಂದಂತೆ. ಕಬ್ಬಿಣದ ಮಾತ್ರೆ ಬರೆದರು. ಬೇಡ ಎಂದೆ. "ಇದು ಚಟ ಹತ್ತೋ ತರದ ಮಾತ್ರೆ ಅಲ್ಲಮ್ಮ" ಎಂದರು, ಪಾಪ, ನನ್ನ ಹರಕೆ ಅವರಿಗೇನು ಗೊತ್ತು. "ಹಾಗಾದ್ರೆ ಮಾಂಸ ತಿನ್ನಿ, ಯಕೃತ್ತು ತಿನ್ನಿ. ಬರೀ ಸೊಪ್ಪು ತಿಂದ್ಕೊಂಡು ಈ ಕೊರತೆ ತುಂಬೋಕೆ ವರ್ಷಗಳು ಬೇಕು." ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬಂದೆ. ನಿನ್ನ ಕಾಲಿಗೂ ರಕ್ತವೇ ಸಾಲದೆ ಇತ್ತೇನೋ. ಒಬ್ಬರಾದರೂ ಪರೀಕ್ಷೆ ಮಾಡಿಸಿದ್ದರೆ! ನಾನಾದರೂ ಹೇಳಿದ್ದರೆ!

ಈಗ ಎರ್ಲಿಂಡಾ ಬಂದು ಹೋದಳು. ಮೊಮ್ಮಗನ ದೀಕ್ಷಾಸ್ನಾನದ ಊಟದಿಂದ ಒಂದು ಡಬ್ಬಿ ದಿನುಗುವಾನ್ ತಂದಿದ್ದಳು, ಹಂದಿಯ ರಕ್ತ, ಯಕೃತ್ತು ಹಾಕಿ ಹುಳಿಯಾಗಿ ಕುದಿಸಿದ್ದು, ನೀನು ಬಾಣಲೆ ಬಳಿದು ತಿನ್ನುತ್ತಿದ್ದೆಯಲ್ಲ, ಅದೇ. ಜೊತೆಗೆ ಬಿಳಿಯ ಅಕ್ಕಿ ಕಡುಬು. ಹರಕೆ ಎಂದೆ. "ನೀನು ಬಿದ್ದು ಸತ್ರೆ ಅವಳು ಯಾರ ಮನೆಗೆ ಬರಬೇಕೇ?" ಎಂದು ಬೈದು, ಒಲೆಯ ಮೇಲಿಟ್ಟು ಹೋದಳು. ಅಲ್ಲೇ ಇದೆ. ವಾಸನೆ ಮನೆಯೆಲ್ಲ ತುಂಬಿದೆ. ಹರಕೆ ಎಂದರೆ ಹರಕೆ. ನಿನ್ನನ್ನು ಇಷ್ಟು ದಿನ ಬದುಕಿಸಿ ಇಟ್ಟಿರುವುದು ಅದೊಂದೇ ಎಂದು ನನ್ನ ನಂಬಿಕೆ. ಬಿಡುವ ಧೈರ್ಯ ನನಗಿಲ್ಲ.

ಮಾತೆ ಮರಿಯಮ್ಮ ತನ್ನ ಸೆರಗಿನಲ್ಲಿ ನಿನ್ನನ್ನು ಮುಚ್ಚಿಕೊಳ್ಳಲಿ. ನಿನ್ನ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಬರೆದೆನೆಂದುಕೋ. ಸಿಸ್ಟರ್ ಬರ್ನಡೆಟ್‌ಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಅಮ್ಮ,
ಫೆಲಿಸಿತಾಸ್

ಮತ್ತೆ ಬರೆದದ್ದು: ಲಕೋಟೆ ಅಂಟಿಸಿದವಳು ಮತ್ತೆ ಹರಿದೆ. ತಿಂದುಬಿಟ್ಟೆ ಮಗಳೇ. ನಾಳೆ ಬೆಳಿಗ್ಗೆ ಕೊವಲ್ಚುಕ್ ತಾತನನ್ನು ಎತ್ತಬೇಕು, ಆ ಮೊಣಕೈ ಕಣ್ಣಿಗೆ ಕಟ್ಟಿತು. ಒಲೆಯ ಹತ್ತಿರ ನಿಂತೇ, ಬಿಸಿ ಕೂಡ ಮಾಡದೆ, ಡಬ್ಬಿಯ ತಳವನ್ನು ಕಡುಬಿನಿಂದ ಒರೆಸಿ ತಿಂದೆ. ಹರಕೆ ಮುರಿಯಿತು. ಈಗ ನಿನಗೆ ಏನಾದರೂ ಆದರೆ ಅದು ನನ್ನ ಬಾಯಿಂದಲೇ ಎನ್ನುವ ಭಯ. ದೇವರಿಗೆ ಕೊಡಲು ನನ್ನ ಹತ್ತಿರ ಇನ್ನೇನೂ ಇಲ್ಲ, ಅದಕ್ಕೇ ನಿನ್ನನ್ನೇ ಕೇಳುತ್ತಿದ್ದೇನೆ. ಮನೆಗೆ ಬಾ. ಏನೂ ಕೇಳುವುದಿಲ್ಲ, ಕಾಲು ಚಾಚು, ತಿಕ್ಕುತ್ತೇನೆ. ಬರಲಾಗದಿದ್ದರೆ, ನನ್ನ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆ ಒಳಗಿದೆ. ಬರೆಯಲು ಮನಸ್ಸಾಗದಿದ್ದರೆ ಬರೆಯಬೇಡ. ಖಾಲಿ ಲಕೋಟೆಯನ್ನೇ ಅಂಚೆ ಡಬ್ಬಿಗೆ ಹಾಕು.